ಮನೆಯಲ್ಲಿ ಮಾಡಿದ ಗಡ್ಡದ ಬಾಮ್ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಗಡ್ಡದ ಬಾಮ್‌ನಲ್ಲಿ ಇರುವುದು ಮೂರೇ ವಸ್ತು: ಜೇನುಮೇಣ, ಒಂದು ಗಟ್ಟಿ ಕೊಬ್ಬು, ಒಂದೆರಡು ಎಣ್ಣೆ. ಬೇಕಿದ್ದರೆ ಕೆಲವು ಹನಿ ಸುವಾಸನೆ. ಇಷ್ಟು ಸರಳವಾದದ್ದು ಕೆಡುವುದಾದರೂ ಹೇಗೆ ಅನ್ನಿಸುತ್ತದೆ. ಆದರೆ ಕೆಡುತ್ತದೆ, ಮತ್ತು ಬಹಳಷ್ಟು ಸಲ ಅದಕ್ಕೆ ಕಾರಣ ನಮ್ಮ ಹವೆ.

ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೈಸೂರು, ಮಂಡ್ಯದಲ್ಲಿ ಜನವರಿ ಬೆಳಗ್ಗೆ 16-17 ಡಿಗ್ರಿ ಇರುತ್ತದೆ, ಏಪ್ರಿಲ್ ಮಧ್ಯಾಹ್ನ 34-35 ದಾಟುತ್ತದೆ. ಅಂದರೆ ಆ 24ರ ಗೆರೆ ನಮ್ಮ ಹವೆಯ ನಟ್ಟನಡುವೆ ಇದೆ. ಚಳಿಗಾಲದಲ್ಲಂತೂ ಡಬ್ಬಿ ಒಂದೇ ದಿನದಲ್ಲಿ ಎರಡು ಸಲ ಆ ಗೆರೆ ದಾಟುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಅಳತೆಗಳಲ್ಲಿ ಬಹಳಷ್ಟು ಚಳಿ ದೇಶದವರು ಬರೆದದ್ದು. ಅವರ ಲೆಕ್ಕ ತಪ್ಪಲ್ಲ, ನಮ್ಮೂರಿಗೆ ಹೊಂದುವುದಿಲ್ಲ ಅಷ್ಟೆ. ಹಾಗಾಗಿ ಬಾಮ್ ಕೈಕೊಟ್ಟಾಗ ಅಳತೆಯನ್ನು ಬೈಯುವ ಮುಂಚೆ ಇದು ಯಾವ ತಿಂಗಳು ಎಂದು ನೋಡಿಕೊಳ್ಳಿ.

ಮುಂದಿನ ಲೆಕ್ಕಕ್ಕೆಲ್ಲ 60 ಗ್ರಾಂನ ಈ ಅಳತೆ ಇಟ್ಟುಕೊಳ್ಳೋಣ: ಜೇನುಮೇಣ 12 ಗ್ರಾಂ, ಶಿಯಾ ಬೆಣ್ಣೆ (ಆಫ್ರಿಕಾದ ಒಂದು ಮರದ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು) 18 ಗ್ರಾಂ, ಎಣ್ಣೆ 30 ಗ್ರಾಂ. ಎಣ್ಣೆಯಲ್ಲಿ ಅರ್ಧ ತೆಂಗಿನೆಣ್ಣೆ, ಇನ್ನರ್ಧ ಬಾದಾಮಿ ಎಣ್ಣೆ ಅಥವಾ ಗಾಣದ ಎಳ್ಳೆಣ್ಣೆ. ಸುವಾಸನೆಯ ಎಣ್ಣೆ ಹತ್ತು ಹನಿ ಮೀರಬಾರದು. ಇದರಲ್ಲಿ ಮೇಣದ ಪಾಲು ಶೇ 20.

ಏನನ್ನೂ ಕರಗಿಸುವ ಮುಂಚೆ

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ದಿನ ಸುಮ್ನೆ ಬಿಡಿ. ರಾತ್ರಿ ಡಬ್ಬಿಗೆ ಸುರಿದ ಬಾಮ್ ಬೆಳಗ್ಗೆ ಮೆತ್ತಗಿರಬಹುದು. ಪೂರ್ತಿ ಹದಕ್ಕೆ ಬರಲು ಇಪ್ಪತ್ನಾಲ್ಕು ಗಂಟೆ ಬೇಕು. ಅರ್ಧ ಗಂಟೆಗೊಮ್ಮೆ ಬೆರಳಿಟ್ಟು ನೋಡಿ, 'ಸರಿಬರಲಿಲ್ಲ' ಅಂತ ಮತ್ತೆ ಒಲೆಗಿಡುವವರೇ ಜಾಸ್ತಿ.

ಎರಡನೆಯದು, ಡಬ್ಬಿ ಎಲ್ಲಿದೆ? ಗೀಸರ್ ಪಕ್ಕದ ಗೂಡು, ಬಿಸಿಲು ಬೀಳುವ ಕಿಟಕಿ, ಬೈಕಿನ ಟ್ಯಾಂಕ್ ಬ್ಯಾಗ್ ಯಾವುದೂ ಆಗದು. ಬಟ್ಟೆ ಬೀರುವಿನ ಕೆಳಗಿನ ಅರೆ ಆಗಬಹುದು.

ಮೂರನೆಯದು, ಮೇಣವನ್ನು ತೂಗಿ ಹಾಕಿದ್ದಿರಾ, ಚಮಚದಲ್ಲಿ ಅಳೆದಿರಾ? ತುರಿದ ಮೇಣ ಚಮಚದಲ್ಲಿ ಅರ್ಧ ಗಾಳಿ. ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಹೋದ ಸಲ ಚೆನ್ನಾಗಿತ್ತು, ಈ ಸಲ ಕಲ್ಲಾಗಿದೆ ಅನ್ನುವ ದೂರಿಗೆ ಮುಕ್ಕಾಲು ಪಾಲು ಕಾರಣ ಇದೇ ಎಂದು ನನ್ನ ಅನಿಸಿಕೆ. ಸಣ್ಣ ಡಿಜಿಟಲ್ ತಕ್ಕಡಿ ಕೊಂಡುಬಿಡಿ.

ಇಷ್ಟಾದ ಮೇಲೂ ಕರಗಿಸಲೇಬೇಕು ಅನ್ನಿಸಿದರೆ ಒಲೆಯ ಎಚ್ಚರ ಮೊದಲು. ಪಾತ್ರೆಯನ್ನು ನೇರ ಉರಿಗೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆ ಇಡಿ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಬಿಸಿನೀರು ಸಾಕು. ಮಿಶ್ರಣದಿಂದ ಹೊಗೆ ಬಂತು ಅಂದರೆ ಎಣ್ಣೆ ಸುಟ್ಟಿದೆ. ಅದನ್ನು ಮುಖಕ್ಕೆ ಹಚ್ಚಬೇಡಿ, ಎಸೆದುಬಿಡಿ. ಅಕಸ್ಮಾತ್ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ, ಮೇಲೆ ತಟ್ಟೆ ಮುಚ್ಚಿ. ನೀರು ಹಾಕಲೇಬೇಡಿ, ಉರಿಯುವ ಎಣ್ಣೆ ಎದ್ದು ಮೈಮೇಲೆ ಬರುತ್ತದೆ. ಕೆಲಸ ಮುಗಿದ ಮೇಲೆ ಪಾತ್ರೆ ಬಿಸಿ ಇರುವಾಗಲೇ ಹಳೇ ಪೇಪರಿನಿಂದ ಒರೆಸಿ. ಸಿಂಕಿಗೆ ಸುರಿದರೆ ಪೈಪಿನೊಳಗೆ ಮೇಣ ಗಟ್ಟಿಯಾಗಿ ಕೂರುತ್ತದೆ.

ಕಲ್ಲಾಗಿದೆ, ಉಗುರಿಗೆ ಬರುತ್ತಿಲ್ಲ

ಸ್ವಲ್ಪ ಕೆರೆದು ಅಂಗೈಯಲ್ಲಿ ಅರ್ಧ ನಿಮಿಷ ಉಜ್ಜಿ. ಕರಗಿ ಎಣ್ಣೆಯಂತೆ ಹರಡಿದರೆ ಬಾಮ್ ಸರಿಯಾಗಿದೆ, ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗಿದೆ ಅಷ್ಟೆ. ಡಿಸೆಂಬರ್, ಜನವರಿಯಲ್ಲಿ ಇದು ಮಾಮೂಲು. ಡಬ್ಬಿಯನ್ನು ಐದು ನಿಮಿಷ ಕೈಯಲ್ಲಿ ಹಿಡಿದುಕೊಂಡರೆ ಸಾಕು. ಮುಂದಿನ ಸಲ ಚಳಿಗಾಲಕ್ಕೆ ಮಾಡುವಾಗ ತೆಂಗಿನೆಣ್ಣೆ ಕಡಿಮೆ ಮಾಡಿ, ಎಳ್ಳೆಣ್ಣೆ ಜಾಸ್ತಿ ಹಾಕಿ. ಎಳ್ಳೆಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ.

ಉಜ್ಜಿದರೂ ಅಂಗೈಯಲ್ಲಿ ಚೂರು ಚೂರಾಗಿ ಉಳಿದರೆ ಮೇಣ ಜಾಸ್ತಿಯಾಗಿದೆ. ಬಾಮನ್ನು ಕರಗಿಸಿ 6 ಗ್ರಾಂ ಎಣ್ಣೆ ಸೇರಿಸಿ. ಮೇಣ ಶೇ 20ರಿಂದ 18ಕ್ಕೆ ಇಳಿಯುತ್ತದೆ. ಈಗ ಡಬ್ಬಿಗೆ ಸುರಿಯುವ ಮುಂಚೆ ಹದ ನೋಡಿ. ಮಂಡ್ಯದ ಕಡೆ ಆಲೆಮನೆಯಲ್ಲಿ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ನೋಡುತ್ತಾರಲ್ಲ, ಹಾಗೇ. ಇಲ್ಲಿ ನೀರು ಬೇಡ, ಒಣ ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಹನಿ ಬಿಟ್ಟು ಐದು ನಿಮಿಷ ಫ್ರಿಜ್‌ನಲ್ಲಿಡಿ. ಹೊರತೆಗೆದು, ತಟ್ಟೆ ಕೋಣೆಯ ಬಿಸಿಗೆ ಬಂದ ಮೇಲೆ ಉಗುರಿನಿಂದ ಕೆರೆಯಿರಿ. ಸಲೀಸಾಗಿ ಬಂದರೆ ಸುರಿಯಿರಿ. ಇಲ್ಲವಾದರೆ ಇನ್ನೂ 3 ಗ್ರಾಂ ಎಣ್ಣೆ. ಒಂದೇ ಸಲ ಜಾಸ್ತಿ ಸುರಿದರೆ ನಾಳೆ ಅದೇ ಬಾಮ್ 'ಕರಗುತ್ತಿದೆ' ವಿಭಾಗಕ್ಕೆ ಬರುತ್ತದೆ.

ಎಣ್ಣೆ ಸೇರಿಸಿದಷ್ಟೂ ಬಾಮ್ ಜಿಡ್ಡಾಗುತ್ತಿದೆಯೇ ಹೊರತು ಮೃದುವಾಗುತ್ತಿಲ್ಲವಾದರೆ ಮೇಣದ ಮೇಲೆ ಅನುಮಾನ ಪಡಿ. ಜೇನುಮೇಣಕ್ಕೆ ಮೇಣದಬತ್ತಿಯ ಪ್ಯಾರಾಫಿನ್ ಬೆರೆಸಿ ಮಾರುವುದು ಉಂಟು. ಸಣ್ಣ ಚೂರನ್ನು ಬೆರಳುಗಳ ನಡುವೆ ಬಿಸಿಮಾಡಿ ನಾದಿ. ಜೇನುಮೇಣ ಮೃದುವಾಗಿ, ಕೊಂಚ ಅಂಟಂಟಾಗಿ ಬಾಗುತ್ತದೆ, ಜೇನಿನ ವಾಸನೆ ಬರುತ್ತದೆ. ಪ್ಯಾರಾಫಿನ್ ಜಾಸ್ತಿಯಿದ್ದರೆ ನುಣುಪಾಗಿ ಜಾರುತ್ತದೆ, ಉಗುರು ತಾಗಿದಲ್ಲಿ ಬಿಳಿ ಪೊರೆ ಏಳುತ್ತದೆ. ಇದು ಮನೆಮಟ್ಟದ ಅಂದಾಜು, ಸಾಕ್ಷಿ ಅಲ್ಲ. ಜೇನು ಸಾಕುವವರ ಬಳಿಯೇ ಮೇಣ ಕೊಂಡರೆ ಈ ತಲೆನೋವು ಇರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕರಗಿ ನಿಲ್ಲುತ್ತದೆ

ಸಂಜೆ ತಾನಾಗಿ ಗಟ್ಟಿಯಾದರೆ ದೋಷ ಇರುವುದು ಡಬ್ಬಿ ಇಟ್ಟ ಜಾಗದಲ್ಲಿ. ಜಾಗ ಬದಲಿಸಿ. ಫ್ರಿಜ್‌ಗೆ ಇಡಬಹುದು, ಆದರೆ ದಿನಾ ಒಳಗೆ ಹೊರಗೆ ಮಾಡಿದರೆ ಡಬ್ಬಿಯೊಳಗೆ ನೀರಹನಿ ಕೂರುತ್ತದೆ. ಆ ನೀರು ಯಾಕೆ ಅಪಾಯ ಅನ್ನುವುದು ಮುಂದೆ ಬರುತ್ತದೆ.

ನೆರಳಿನಲ್ಲಿಟ್ಟರೂ ದಿನವಿಡೀ ಗಂಜಿಯಾಗಿದ್ದರೆ ಮೇಣ ಸಾಲದು. 60 ಗ್ರಾಂಗೆ 3 ಗ್ರಾಂ ಮೇಣ ಸೇರಿಸಿದರೆ ಶೇ 24ರ ಹತ್ತಿರ ಬರುತ್ತದೆ. ನಮ್ಮ ಬೇಸಿಗೆಗೆ ಅಷ್ಟು ಬೇಕು. ಮೇಣ ಜಾಸ್ತಿಯಾದರೆ ಗಡ್ಡ ಹಿಡಿದೆಳೆಯುತ್ತದೆ ಅನ್ನುವವರಿಗೆ ಇನ್ನೊಂದು ದಾರಿ ಇದೆ: ಶಿಯಾ ಬದಲು ಮುರುಗಲ ತುಪ್ಪ. ಮಲೆನಾಡು, ಕರಾವಳಿಯ ಕಡೆ ಒಡೆದ ಹಿಮ್ಮಡಿಗೆ ಹಚ್ಚುತ್ತಾರಲ್ಲ, ಅದೇ. ಅದು ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಶಿಯಾ ಅದಕ್ಕಿಂತ ಕೆಲವು ಡಿಗ್ರಿ ಮೊದಲೇ ಸೋಲುತ್ತದೆ. ಕೈಗೆ ತುಸು ಒರಟು ಅನ್ನಿಸಬಹುದು, ಆದರೆ ಏಪ್ರಿಲ್‌ನಲ್ಲಿ ನಾನು ಮುರುಗಲ ತುಪ್ಪಕ್ಕೇ ಓಟು ಹಾಕುತ್ತೇನೆ. ದೂರದ ಆಫ್ರಿಕಾದ ಬೆಣ್ಣೆಗೆ ಕೊಡುವ ದುಡ್ಡೂ ಉಳಿಯಿತು.

ಕೆಳಗೆ ಗಟ್ಟಿ, ಮೇಲೆ ಮಾತ್ರ ದ್ರವ ನಿಂತಿದ್ದರೆ ಅದು ಎಣ್ಣೆಯೋ ನೀರೋ ನೋಡಬೇಕು. ಟಿಶ್ಯೂ ಕಾಗದ ತಾಗಿಸಿ, ಹತ್ತು ನಿಮಿಷ ಬಿಡಿ. ಕಲೆ ಹಾಗೇ ಪಾರದರ್ಶಕವಾಗಿ ಉಳಿದರೆ ಎಣ್ಣೆ. ಬಾಮ್ ಬೆವರಿದೆ ಅಷ್ಟೆ, ಕಲಸಿಕೊಂಡು ಹಚ್ಚಿ. ಒಣಗಿ ಮಾಯವಾದರೆ ನೀರು, ಮುಂದಿನ 'ನೀರು ಬಿಟ್ಟಿದೆ' ವಿಭಾಗ ನೋಡಿ.

ಮರಳು ಮರಳಾಗಿದೆ

ಇದು ನಮ್ಮ ಕಡೆಯ ಅತಿ ದೊಡ್ಡ ದೂರು. ಮಾಡಿದ ವಾರ ನುಣ್ಣಗಿದ್ದ ಬಾಮ್ ತಿಂಗಳ ಕೊನೆಗೆ ಸಣ್ಣ ಸಣ್ಣ ಕಾಳು ಕಟ್ಟಿಕೊಳ್ಳುತ್ತದೆ. ಕೆಟ್ಟುಹೋಯಿತು ಎಂದು ಎಸೆಯುತ್ತಾರೆ. ಎಸೆಯಬೇಕಾಗಿಲ್ಲ.

ಮೊದಲು ಒಂದು ಕಾಳನ್ನು ತೆಗೆದು ಎರಡು ಬೆರಳ ನಡುವೆ ಉಜ್ಜಿ.

ಮೈಬಿಸಿಗೆ ಕರಗಿ ಮಾಯವಾದರೆ ಅದು ಶಿಯಾ. ಶಿಯಾ ಬೆಣ್ಣೆ ಒಂದೇ ಕೊಬ್ಬು ಅಲ್ಲ, ಬೇರೆ ಬೇರೆ ಬಿಸಿಗೆ ಕರಗುವ ಕೊಬ್ಬುಗಳ ಕೂಟ. ನಿಧಾನವಾಗಿ ತಣಿದರೆ, ಬೇಗ ಗಟ್ಟಿಯಾಗುವ ಕೊಬ್ಬು ಮೊದಲು ತನ್ನಷ್ಟಕ್ಕೆ ಹರಳು ಕಟ್ಟುತ್ತದೆ, ಉಳಿದದ್ದು ಅದರ ಸುತ್ತ ಮೆತ್ತಗೆ ಉಳಿಯುತ್ತದೆ. ಮಾರ್ಚ್‌ನಲ್ಲಿ ಮಧ್ಯಾಹ್ನ ಅರೆಕರಗಿ ರಾತ್ರಿ ನಿಧಾನಕ್ಕೆ ಹೆಪ್ಪುಗಟ್ಟುವ ಡಬ್ಬಿಯೊಳಗೆ ದಿನಾ ನಡೆಯುವುದು ಇದೇ. ಚರ್ಮಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಹಚ್ಚುವಾಗ ಕರಗಿಯೇ ಹೋಗುತ್ತದೆ. ಹಾಗೇ ಬಳಸುತ್ತೇನೆ ಅಂದರೆ ಬಳಸಿ.

ನುಣ್ಣಗೇ ಬೇಕು ಅನ್ನುವವರು ಇಡೀ ಬಾಮನ್ನು ಕರಗಿಸಿ. ಎಲ್ಲ ತಿಳಿಯಾದ ಮೇಲೂ ಐದು ಹತ್ತು ನಿಮಿಷ ಬಿಸಿಯಲ್ಲೇ ಬಿಡಿ, ಒಂದು ಹರಳೂ ಉಳಿಯಬಾರದು. ಆಮೇಲೆ ಬೇಗ ತಣಿಸಬೇಕು. ಪಾತ್ರೆಯ ಹೊರಮೈಯನ್ನು ತಣ್ಣೀರಿನಲ್ಲಿಟ್ಟು, ಒಳಗೆ ಒಂದು ಹನಿ ನೀರೂ ಹಾರದಂತೆ ಕಲಕುತ್ತಾ ಇರಿ. ಅಂಚಿನಲ್ಲಿ ಮಬ್ಬು ಕಾಣಿಸಿದ ಕೂಡಲೇ ಡಬ್ಬಿಗೆ ಸುರಿದು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಸಿ ಬಾಮನ್ನು ಅಡುಗೆಕಟ್ಟೆಯ ಮೇಲೆ ತಾನಾಗಿ ಆರಲು ಬಿಟ್ಟರೆ ಕಾಳು ಮತ್ತೆ ಕಟ್ಟುತ್ತದೆ. ಸುವಾಸನೆಯ ಎಣ್ಣೆ ಹಾರಿಹೋಗಿರುತ್ತದೆ, ಅದನ್ನು ಕೊನೆಗೆ ಹಾಕಿ. ಆದರೆ ಹಳೆಯದು ಪೂರ್ತಿ ಹೋಗಿರುವುದಿಲ್ಲ, ಹಾಗಾಗಿ ಮೊದಲಿನ ಅರ್ಧದಷ್ಟೇ ಸಾಕು.

ಉಜ್ಜಿದರೂ ಕರಗದೆ, ಒತ್ತಿದರೆ ಮೆತ್ತಗಾಗಿ ಅಂಟಿಕೊಂಡರೆ ಅದು ಮೇಣ. ಮೈಬಿಸಿಗೆ ಮೇಣ ಕರಗುವುದಿಲ್ಲ. ಕರಗಿದ ಮೇಣಕ್ಕೆ ತಣ್ಣನೆಯ ಎಣ್ಣೆ ಸುರಿದಾಗ ಮೇಣ ತಟ್ಟನೆ ಕಾಳಾಗುತ್ತದೆ. ಮತ್ತೆ ಕರಗಿಸಿ, ಈ ಸಲ ಎಣ್ಣೆಯನ್ನೂ ಬೆಚ್ಚಗೆ ಮಾಡಿ ಬೆರೆಸಿ. ಕರಗಿದ ಮಿಶ್ರಣ ಕನ್ನಡಿಯಷ್ಟು ತಿಳಿಯಾಗುವವರೆಗೆ ಇಳಿಸಬೇಡಿ.

ಕರಗದೆ, ಒತ್ತಿದರೂ ಮೆತ್ತಗಾಗದೆ ಚುಚ್ಚಿದರೆ ಅದು ಸೊಪ್ಪಿನ ಪುಡಿಯೋ, ಮೇಣದೊಳಗಿನ ಕಸವೋ ಇರಬೇಕು. ಬಿಸಿ ಇರುವಾಗ ತೆಳು ಒಣ ಪಂಚೆ ಬಟ್ಟೆಯಲ್ಲಿ ಸೋಸಿ.

ಮೇಲೆ ಕುಳಿ, ಬಿರುಕು, ಬಿಳಿ ಮಬ್ಬು

ಇವು ನೋಟದ ದೋಷ ಮಾತ್ರ. ಬದಿಯಿಂದ ಒಳಗೆ ತಣಿಯುತ್ತಾ ಬಂದಾಗ ನಡುವೆ ಕುಳಿ ಬೀಳುತ್ತದೆ. ಬಿಳಿ ಮಬ್ಬು ಹಳೆಯ ಜೇನುಮೇಣದ ಗುಣ, ಬೆಚ್ಚಗಿನ ಬೆರಳಿಂದ ಸವರಿದರೆ ಹೋಗುತ್ತದೆ. ಹೋಗದೆ ನೂಲಿನಂತಿದ್ದರೆ, ಹಸಿರು ಕಪ್ಪು ಇದ್ದರೆ, ಕೆಳಗಿನದನ್ನು ಓದಿ.

ನೀರು ಬಿಟ್ಟಿದೆ, ಚುಕ್ಕೆ ಕಾಣಿಸಿದೆ

ಇಲ್ಲಿ ರಿಪೇರಿ ಇಲ್ಲ. ಎಸೆಯಿರಿ.

ಮೇಣ ಮತ್ತು ಎಣ್ಣೆಯಲ್ಲಿ ಬೂಷ್ಟು ಬೆಳೆಯಲು ನೀರು ಬೇಕು. ನೀರಿಲ್ಲದ ಬಾಮ್‌ಗೆ ಅದರ ಭಯ ಬಹಳ ಕಡಿಮೆ. ನೀರು ಸೇರಿದರೆ ಬೂಷ್ಟೂ ಬರುತ್ತದೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾವೂ ಬರುತ್ತದೆ. ಚುಕ್ಕೆಯನ್ನು ಕೆರೆದು ತೆಗೆದರೆ ಉಳಿದದ್ದು ಶುದ್ಧವಾಯಿತು ಅಂತಲ್ಲ. ಕುದಿಸಿದರೂ ಅಷ್ಟೆ. ಶೇವ್ ಮಾಡಿದ, ಗೀರು ಬಿದ್ದ ಚರ್ಮಕ್ಕೆ ಹಚ್ಚುವ ವಸ್ತು ಇದು, ನೆನಪಿರಲಿ.

ನೀರು ಎಲ್ಲಿಂದ ಬಂತು ಅನ್ನುವುದನ್ನಂತೂ ಪತ್ತೆಮಾಡಬೇಕು, ಇಲ್ಲದಿದ್ದರೆ ಮುಂದಿನ ಡಬ್ಬಿಯೂ ಹಾಗೇ ಆಗುತ್ತದೆ. ಲೋಳೆಸರದ ತಿರುಳು, ಜೇನುತುಪ್ಪ, ಗುಲಾಬಿ ನೀರು ಹಾಕಿದ್ದರೆ ಬೇರೆ ಹುಡುಕುವುದೇ ಬೇಡ. ಅವು ಎಣ್ಣೆಗೆ ಬೆರೆಯುವುದಿಲ್ಲ. 'ನ್ಯಾಚುರಲ್ ಅಲ್ವಾ, ಹಾಕಿದರೇನು' ಅಂದರೆ, ಬೂಷ್ಟೂ ನ್ಯಾಚುರಲ್ಲೇ.

ಅದು ಯಾವುದೂ ಹಾಕಿಲ್ಲವಾದರೆ ಮನೆಯಲ್ಲಿ ಕಾಯಿಸಿದ ಎಣ್ಣೆಯನ್ನು ನೋಡಿ. ದಾಸವಾಳ, ಕರಿಬೇವು, ಗರಗದ ಸೊಪ್ಪು ಹಾಕಿ ಅಮ್ಮ ಕಾಯಿಸುವ ತೆಂಗಿನೆಣ್ಣೆ ತಲೆಗೆ ಸೊಗಸು. ಆದರೆ ಸೊಪ್ಪು ಹಸಿಯಾಗಿದ್ದು, ಎಣ್ಣೆ ಪೂರ್ತಿ ಕಾಯುವ ಮೊದಲೇ ಇಳಿಸಿದರೆ ನೀರು ಒಳಗೇ ಉಳಿಯುತ್ತದೆ. ನೊರೆ ಅಡಗಿ ಚಟಪಟ ಸದ್ದು ನಿಲ್ಲುವವರೆಗೆ ಇಳಿಸಬಾರದು. ಬಾಮ್‌ಗೆ ಬಳಸುವುದಾದರೆ ಸೊಪ್ಪನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿಯೇ ಹಾಕಿ. ಮೈಸೂರು ಮಲ್ಲಿಗೆ ಹೂವನ್ನು ಎಣ್ಣೆಯಲ್ಲಿ ನೆನೆಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹೂವಿನ ನೀರು ಉಳಿಯುತ್ತದೆ, ಪರಿಮಳ ಉಳಿಯುವುದಿಲ್ಲ.

ಇನ್ನೆರಡು ದಾರಿ: ಕೆಳಗಿನ ಪಾತ್ರೆಯ ಹಬೆ ಮೇಲಿನ ಪಾತ್ರೆಗೆ ಬಿದ್ದದ್ದು, ಮತ್ತು ಹಸಿ ಮೇಣವನ್ನು ನೀರಲ್ಲಿ ಕುದಿಸಿ ಸೋಸಿದ ಮೇಲೆ ಸರಿಯಾಗಿ ಒಣಗಿಸದೆ ಬಳಸಿದ್ದು. ಸ್ನಾನವಾದ ಒದ್ದೆ ಬೆರಳನ್ನು ಡಬ್ಬಿಗೆ ಅದ್ದುವ ಅಭ್ಯಾಸವಿದ್ದರೆ ಅದೂ ಸೇರಿಸಿಕೊಳ್ಳಿ.

ವಾಸನೆ ಸರಿಯಿಲ್ಲ

ಹಳೇ ಕೊಬ್ಬರಿಯಂತೆ ಕಮಟು ವಾಸನೆ ಬಂದರೆ ಎಣ್ಣೆ ಗಾಳಿ, ಬೆಳಕು, ಬಿಸಿಗೆ ಕೆಟ್ಟಿದೆ. ಸುವಾಸನೆ ಹಾಕಿ ಮುಚ್ಚಬೇಡಿ, ಬಿಸಾಡಿ. ಅಂಗಡಿಯಲ್ಲಿ ಸಿಗುವ ವಿಟಮಿನ್ ಇ ಕ್ಯಾಪ್ಸೂಲ್ ಒಂದನ್ನು ಚುಚ್ಚಿ ಮಾಡುವಾಗಲೇ ಬೆರೆಸಿದರೆ ಎಣ್ಣೆ ಕಮಟುವುದು ತಡವಾಗುತ್ತದೆ. ಆದರೆ ಅದು ಬೂಷ್ಟನ್ನು ತಡೆಯುವುದಿಲ್ಲ, ಆಗಲೇ ಕಮಟಿದ್ದನ್ನು ಸರಿಮಾಡುವುದೂ ಇಲ್ಲ. ಬೆಣ್ಣೆ, ಹಸುವಿನ ತುಪ್ಪ ಹಾಕಿ ಮಾಡಿದ್ದಂತೂ ಬೇಗ ನಾರುತ್ತದೆ.

ಸುವಾಸನೆಯೇ ಬರುತ್ತಿಲ್ಲ ಅನ್ನುವವರು ಅದನ್ನು ಕುದಿ ಬಿಸಿಯಲ್ಲೇ ಹಾಕಿರುತ್ತಾರೆ. ಮಿಶ್ರಣ ಆರಿ, ಅಂಚು ಮಬ್ಬಾಗುವ ಹೊತ್ತಿಗೆ ಹಾಕಬೇಕು. ಗಂಧದೆಣ್ಣೆಯ ಮಾತು ಬೇರೆ. ಅದು ನಿಧಾನದ ಪರಿಮಳ. ಡಬ್ಬಿ ಮೂಸಿದರೆ ಹೆಚ್ಚೇನೂ ಇಲ್ಲ, ಗಡ್ಡಕ್ಕೆ ಹಚ್ಚಿ ಮೈಬಿಸಿ ತಾಗಿದ ಮೇಲೆ ಗಂಟೆಗಟ್ಟಲೆ ನಿಲ್ಲುತ್ತದೆ. 1916ರಿಂದ ಗಂಧದೆಣ್ಣೆ ಕಾರ್ಖಾನೆ ಇರುವ ಊರು ನಮ್ಮ ಮೈಸೂರು, ಹಾಗಂತ ಊರಲ್ಲಿ 'ಗಂಧದೆಣ್ಣೆ' ಅಂತ ಸಿಗುವುದೆಲ್ಲ ಗಂಧ ಅಲ್ಲ. ಅಸಲಿ ಎಣ್ಣೆ 10 ಮಿಲಿಗೆ ಸಾವಿರಗಟ್ಟಲೆ ಬೆಲೆ. ನೂರು ರೂಪಾಯಿಗೆ ಸಿಕ್ಕಿದ್ದು ಬೇರೇನೋ.

ಇಲ್ಲಿ ಒಂದು ಎಚ್ಚರಿಕೆ, ಮೈಸೂರಿನವರಿಗೆ ವಿಶೇಷವಾಗಿ. ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಬಣ್ಣಬಣ್ಣದ ಬಾಟಲಿಗಳಲ್ಲಿ ಸುಗಂಧದೆಣ್ಣೆ ಸಿಗುತ್ತದೆ. ಕೊಳ್ಳುವಾಗ 'ಮುಖಕ್ಕೆ ಹಚ್ಚಲು' ಎಂದು ಬಾಯಿಬಿಟ್ಟು ಹೇಳಿ ಕೇಳಿ. ಅಗರಬತ್ತಿಗೆಂದು ಮಾಡಿದ ಸುಗಂಧಕ್ಕೆ ದ್ರಾವಕ ಸೇರಿರುತ್ತದೆ. ಅದು ಸುಡಲು, ಹಚ್ಚಲು ಅಲ್ಲ.

ಗಡ್ಡದಲ್ಲಿ ಅಂಟು, ಬಿಳಿ ಉಂಡೆ

ಹೆಚ್ಚಿನ ಸಲ ತಪ್ಪು ಬಾಮ್‌ನದ್ದಲ್ಲ, ಪ್ರಮಾಣದ್ದು. ಮೋಟು ಗಡ್ಡಕ್ಕೆ ಕಡಲೆಬೇಳೆಯಷ್ಟು ಸಾಕು. ಅಂಗೈಯಲ್ಲಿ ಪೂರ್ತಿ ಕರಗಿಸಿ, ಗಡ್ಡ ಕೊಂಚ ತೇವ ಇರುವಾಗ ಬುಡದಿಂದ ತುದಿಗೆ ಹಚ್ಚಿ ಬಾಚಿ. ಹಾಗೆ ಮಾಡಿದರೂ ಉಂಡೆ ಉಳಿದರೆ ಮೇಣ ಜಾಸ್ತಿ, 'ಕಲ್ಲಾಗಿದೆ' ವಿಭಾಗದ ಲೆಕ್ಕ ಹಾಕಿ. ತೊಳೆದರೆ ಹೋಗದ ಅಂಟಿಗೆ ಮೊದಲು ಸ್ವಲ್ಪ ಎಣ್ಣೆ ಹಚ್ಚಿ ಬಾಚಿ, ಆಮೇಲೆ ಶಾಂಪೂ.

ಉರಿ, ಕೆಂಪು, ತುರಿಕೆ

ಇಲ್ಲಿಂದ ಮುಂದೆ ಸರಿಮಾಡಬೇಕಾದ್ದು ಡಬ್ಬಿಯನ್ನಲ್ಲ. ಮೊದಲ ಕೆಲಸ, ಹಚ್ಚುವುದನ್ನು ನಿಲ್ಲಿಸಿ. ಮೃದು ಸೋಪಿನಲ್ಲಿ ತೊಳೆದುಬಿಡಿ. 'ಇದು ಕೆಲಸ ಮಾಡುತ್ತಿದೆ, ಅದಕ್ಕೇ ಉರಿ' ಅನ್ನುವುದು ಸುಳ್ಳು.

ಹಚ್ಚಿದ ಕೆಲವೇ ನಿಮಿಷದಲ್ಲಿ ಉರಿದರೆ ಸುವಾಸನೆಯ ಎಣ್ಣೆ ಜಾಸ್ತಿಯಾಗಿದೆ, ಅಥವಾ ಬೇಡದ ಎಣ್ಣೆ ಹಾಕಿದ್ದೀರಿ. ಲವಂಗ, ದಾಲ್ಚಿನ್ನಿ ಎಣ್ಣೆ ಮುಖಕ್ಕೆ ಆಗದು. ಒಂದೆರಡು ದಿನ ಬಿಟ್ಟು, ಹಚ್ಚಿದಷ್ಟೇ ಜಾಗದಲ್ಲಿ ಕೆಂಪು ತುರಿಕೆ ಎದ್ದರೆ ಅಲರ್ಜಿ ಇರಬಹುದು. ಟೀ ಟ್ರೀ, ಲ್ಯಾವೆಂಡರ್ ಎಣ್ಣೆ ಹಳತಾದಷ್ಟೂ ಅಲರ್ಜಿ ತರುವುದು ಜಾಸ್ತಿ. ಜೇನುಮೇಣವೇ ಆಗದವರೂ ಇದ್ದಾರೆ. ಬಿಸಿಲಿಗೆ ಹೋಗಿ ಬಂದ ಮೇಲೆ ಮಾತ್ರ ಸುಟ್ಟಂತಾಗಿ ಕಪ್ಪಾದರೆ ನಿಂಬೆಯನ್ನು ನೆನಪಿಸಿಕೊಳ್ಳಿ. ನಿಂಬೆ ಸಿಪ್ಪೆಯ ಎಣ್ಣೆ, ನಿಂಬೆ ರಸ ಎರಡೂ ಬಿಸಿಲು ತಾಗಿದಾಗ ಚರ್ಮ ಸುಡುತ್ತವೆ.

ಯಾವುದು ಆಗುತ್ತಿಲ್ಲ ಎಂದು ಪತ್ತೆಮಾಡಲು, ಚರ್ಮ ಪೂರ್ತಿ ವಾಸಿಯಾದ ಮೇಲೆ ಒಂದೊಂದೇ ಎಣ್ಣೆಯನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಸುವಾಸನೆಯ ಎಣ್ಣೆಯನ್ನು ನೇರವಾಗಿ ಹಚ್ಚಬೇಡಿ, ಒಂದು ಚಮಚ ಎಳ್ಳೆಣ್ಣೆಗೆ ಒಂದು ಹನಿ ಬೆರೆಸಿ. ಬಾದಾಮಿ ತಿಂದರೆ ಆಗದವರು ಬಾದಾಮಿ ಎಣ್ಣೆಯ ಪರೀಕ್ಷೆಗೂ ಕೈ ಹಾಕಬೇಡಿ.

ಮೊಡವೆ, ಹೊಟ್ಟು

ಕೆನ್ನೆಯ ಮೇಲ್ಭಾಗದಲ್ಲಿ ಸಣ್ಣ ಮೊಡವೆ ಎದ್ದರೆ ತೆಂಗಿನೆಣ್ಣೆ ತೆಗೆದು ನೋಡಿ. ಕೆಲವರ ರಂಧ್ರಗಳನ್ನು ಅದು ಮುಚ್ಚುತ್ತದೆ. ಬಾಮನ್ನು ಕೂದಲಿಗೆ ಹಚ್ಚಿ, ಚರ್ಮಕ್ಕೆ ತಿಕ್ಕಬೇಡಿ.

ಹೊಟ್ಟಿನ ವಿಷಯದಲ್ಲಿ ನಮ್ಮವರು ಉಲ್ಟಾ ಮಾಡುತ್ತಾರೆ. ಚರ್ಮ ಒಣಗಿದೆ ಎಂದುಕೊಂಡು ಇನ್ನಷ್ಟು ಎಣ್ಣೆ ಹಚ್ಚುತ್ತಾರೆ. ಹೊಟ್ಟು ಪುಡಿಯಾಗಿ, ಒಣಗಿ ಉದುರಿ, ಬಾಮ್ ಹಚ್ಚಿದಾಗ ಕಡಿಮೆಯಾದರೆ ಅದು ಒಣಚರ್ಮ, ಸರಿ. ಹಳದಿ, ಜಿಡ್ಡು ಜಿಡ್ಡಾಗಿ, ಕೆಳಗೆ ಕೆಂಪಿದ್ದು, ಹುಬ್ಬು ಮೂಗಿನ ಬದಿಯಲ್ಲೂ ಇದ್ದರೆ ಅದಕ್ಕೆ ಚರ್ಮದ ಮೇಲಿನ ಒಂದು ಬಗೆಯ ಯೀಸ್ಟ್ ಕಾರಣ. ಆ ಯೀಸ್ಟ್‌ಗೆ ಕೊಬ್ಬೇ ಆಹಾರ. ನೀವು ಎಣ್ಣೆ ಹಚ್ಚಿದಷ್ಟೂ ಅದಕ್ಕೆ ಹಬ್ಬ. ಬಾಮ್ ನಿಲ್ಲಿಸಿ. ಈ ಯೀಸ್ಟನ್ನು ಅಡಗಿಸುವ ಕೀಟೋಕೊನಜೋಲ್ ಶಾಂಪೂ ಗಡ್ಡಕ್ಕೂ ಬಳಸುತ್ತಾರೆ, ಎಷ್ಟು ದಿನ ಎಂದು ವೈದ್ಯರನ್ನು ಕೇಳಿ.

ಬಾಮ್ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಬೇಕಾದಾಗ

ಮುಖ, ತುಟಿ, ಕಣ್ಣರೆಪ್ಪೆ ಊದಿದರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಕರೆಮಾಡಿ ಇಲ್ಲವೇ ಹತ್ತಿರದ ತುರ್ತು ಚಿಕಿತ್ಸೆಗೆ ಓಡಿ. ಕೀವು, ಜ್ವರ, ಹರಡುವ ನೋವು ಇದ್ದರೆ ಅದೇ ದಿನ ತೋರಿಸಿ. ಬಾಮ್ ನಿಲ್ಲಿಸಿ ವಾರವಾದರೂ ಕೆಂಪು ಇಳಿಯದಿದ್ದರೂ ತೋರಿಸಿ.

ಇನ್ನೊಂದು ಲಕ್ಷಣ ಬಾಮ್‌ನ ತಪ್ಪಿನಂತೆ ಕಾಣುತ್ತದೆ, ಆದರೆ ಅಲ್ಲ. ಅಂಚು ಕೆಂಪಗೆ ಉಂಗುರದಂತೆ ಎದ್ದು, ತುರಿಕೆ ಇದ್ದು, ಆ ಜಾಗದ ಗಡ್ಡದ ಕೂದಲು ಸುಲಭವಾಗಿ ಕಿತ್ತು ಬರುತ್ತಿದ್ದರೆ ಹುಳುಕಡ್ಡಿ ಇರಬಹುದು. ಬೇರೆಯವರ ಟವೆಲ್, ಬಾಚಣಿಗೆ, ದನಕರುಗಳ ಮೈಯಿಂದಲೂ ಅಂಟುತ್ತದೆ. ಹಳ್ಳಿಯಲ್ಲಿ ಕೊಟ್ಟಿಗೆ ಕೆಲಸ ಮಾಡುವವರು ಇದನ್ನು ಮರೆಯಬಾರದು. ಮನೆಯ ಟವೆಲ್ ಬೇರೆ ಮಾಡಿ, ಡಬ್ಬಿಗೆ ಬೆರಳು ಅದ್ದಿದ್ದರೆ ಆ ಬಾಮ್ ಎಸೆಯಿರಿ. ಮೆಡಿಕಲ್ ಸ್ಟೋರ್‌ನಲ್ಲಿ 'ತುರಿಕೆಗೆ ಒಂದು ಕ್ರೀಮ್ ಕೊಡಿ' ಅಂತ ಕೇಳಿ ಹಚ್ಚಬೇಡಿ. ಸ್ಟೀರಾಯ್ಡ್ ಬೆರೆತ ಕ್ರೀಮ್ ಎರಡು ದಿನ ತುರಿಕೆ ಅಡಗಿಸುತ್ತದೆ, ಒಳಗೊಳಗೆ ಹುಳುಕಡ್ಡಿ ಹರಡುತ್ತದೆ, ಆಮೇಲೆ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ಗಡ್ಡದ ಹುಳುಕಡ್ಡಿಗೆ ಸಾಮಾನ್ಯವಾಗಿ ಮಾತ್ರೆಯೇ ಬೇಕಾಗುತ್ತದೆ.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಬಾಮ್ ಡಬ್ಬಿಯನ್ನೂ, ಅದಕ್ಕೆ ಏನೇನು ಎಷ್ಟೆಷ್ಟು ಹಾಕಿದ್ದೀರಿ ಎಂಬ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಗಡ್ಡ ಬೋಳಿಸಿಕೊಂಡು ಹೋಗಬೇಡಿ. ಕೂದಲಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು.